ಜೊತೆಗೆ ಕಂಡವರು

ಭಾವ ಎಂದಿಗಿಂತ ಹತ್ತು ನಿಮಿಷ ಮೊದಲೇ ಬಂದು ಉದ್ಯಾನದ ಗೇಟಿನ ಬಳಿ ನಿಂತಿದ್ದುದೇ ಅವನಿಗೆ ಸರಿಬರಲಿಲ್ಲ. ಅಕ್ಕನ ಕೈ ಹಿಡಿದ ನಲವತ್ತು ವರ್ಷಗಳಲ್ಲಿ ಈ ಮನುಷ್ಯ ಇನ್ನೊಬ್ಬರಿಗಾಗಿ ಕಾದದ್ದನ್ನು ಅವನು ಕಂಡಿರಲಿಲ್ಲ. ಕಾಯುವುದು ಇತರರ ಕೆಲಸ, ಬರುವುದಷ್ಟೇ ತಮ್ಮದು ಎಂಬಂತೆ ನಡೆದುಕೊಂಡವರು. ಇಂದು ಮಾತ್ರ ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ದುರ್ಬೀನನ್ನು ಕಣ್ಣಿಗೇರಿಸಿಕೊಂಡು, ರಸ್ತೆಯ ಆ ತುದಿಯಿಂದಲೇ ಅವನ ನಡಿಗೆಯನ್ನು ಅಳೆಯುತ್ತ ನಿಂತಿದ್ದರು. ದುರ್ಬೀನು ನಿಜವಾಗಿ ತನ್ನ ಮೇಲೆಯೇ ಇತ್ತೋ, ತನ್ನ ಹಿಂದಿನ ತಂತಿಯ ಮೇಲೆ ಕುಳಿತ ಯಾವುದೋ ಗುಬ್ಬಿಯ ಮೇಲೆ ಇತ್ತೋ ಎಂದು ಅವನು ಒಮ್ಮೆ ಹಿಂದಿರುಗಿ ನೋಡಿದ. ತಂತಿ ಬರಿದಾಗಿತ್ತು. ಹಾಗೆ ಹಿಂದಿರುಗಿ ನೋಡಿದ್ದೇ ತಪ್ಪಾಯಿತೆಂದು, ತಪ್ಪಿತಸ್ಥನಲ್ಲದವನು ಹಿಂದಿರುಗಿ ನೋಡುವುದಿಲ್ಲವೆಂದು, ಎರಡು ಹೆಜ್ಜೆ ನಡೆದ ಮೇಲೆ ಹೊಳೆಯಿತು.

"ಏನಯ್ಯಾ ಕಾಗುಣಿತ, ಜೇಬು ಯಾಕೆ ಅಷ್ಟು ಉಬ್ಬಿದೆ? ಇವತ್ತೂ ಕರಡು ಹೊತ್ಕೊಂಡು ಬಂದ್ಯಾ?"

ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವನಿಗೆ ಭಾವ ಇಟ್ಟ ಹೆಸರು ಅದು. ಮೊದಮೊದಲು ಮನೆಯೊಳಗೆ ಮಾತ್ರ ಇದ್ದದ್ದು ಕ್ರಮೇಣ ನೆಂಟರಿಗೆ, ನೆರೆಯವರಿಗೆ, ಕೊನೆಗೆ ಉದ್ಯಾನದ ಮಾಲಿಗೂ ತಲಪಿ ಅವನ ನಿಜವಾದ ಹೆಸರನ್ನು ಅವನ ಸಂಬಳದ ಪುಸ್ತಕದೊಳಗೆ ಮಾತ್ರ ಉಳಿಸಿತ್ತು. ಅವನು ನಕ್ಕು, "ಏನಿಲ್ಲ ಭಾವ, ಕರವಸ್ತ್ರ" ಎಂದ. ಕರವಸ್ತ್ರ ಎಡಜೇಬಿನಲ್ಲಿತ್ತು. ಉಬ್ಬಿದ್ದು ಬಲಜೇಬು. ಅದರೊಳಗೆ ನಾಲ್ಕಾಗಿ ಮಡಚಿದ ಪತ್ರ.

ಪತ್ರವನ್ನು ಬರೆದುಕೊಡಬೇಕೆಂದು ಕೇಳಿದವಳು ಭಾವನ ಮಗಳು. ಎರಡು ದಿನದ ಹಿಂದೆ ಫೋನಿನಲ್ಲಿ, ಪಿಸುದನಿಯಲ್ಲಿ, ಭಾವನ ಔಷಧಿ ಅಂಗಡಿಯ ಹಿಂಬದಿಯ ಕೋಣೆಯಿಂದ: "ಮಾವ, ಆಚೆ ನಾಳಿದ್ದು ಡಾಕ್ಟರ ಹತ್ರ ಅಪ್ಪನ್ನ ಕರ್ಕೊಂಡು ಹೋಗ್ತೀನಿ. ಇಲ್ಲದ್ದನ್ನ ಕಂಡ ಪ್ರಸಂಗ ಏನಾದ್ರೂ ಇದ್ರೆ, ಕಣ್ಣಾರೆ ನೋಡಿದೋರ ಹತ್ರ ಬರೆಸಿ ತನ್ನಿ ಅಂದಿದ್ದಾರೆ. ಆ ಹಕ್ಕಿ ವಿಷಯ ನೀವು ಬರೆದುಕೊಡಿ. ನಿಮ್ಮಷ್ಟು ಚೆನ್ನಾಗಿ ಯಾರು ಬರೀತಾರೆ?" ಆಚೆ ನಾಳಿದ್ದು ಎಂದರೆ ಈಗ ನಾಳೆ. ನಾಳೆ ಡಾಕ್ಟರು ಆ ಪತ್ರವನ್ನೋದಿ ತಲೆಯಾಡಿಸಿದರೆ ಭಾವ ಮತ್ತೆ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವಂತಿಲ್ಲ. ಗೋಡೆಯ ಮೇಲೆ ಚೌಕಟ್ಟಿನೊಳಗಿರುವ ಅವರ ಪರವಾನಗಿ ಇಳಿಯುತ್ತದೆ. ಒಬ್ಬರೇ ಹೊರಗೆ ಹೋಗುವುದೂ ನಿಲ್ಲುತ್ತದೆ. "ಇವತ್ತೊಂದಿನ ಅವರ ಜೊತೆ ಹೋಗಿ ಬಾರೋ, ನಾಳೆಯಿಂದ ಹೇಗೋ ಏನೋ" ಎಂದು ಬೆಳಿಗ್ಗೆ ಅಕ್ಕ ಹೇಳಿದಾಗ ಅವಳ ದನಿಯಲ್ಲಿ ಅಳುವಿತ್ತೋ ಅಪ್ಪಣೆಯಿತ್ತೋ ತಿಳಿಯದೆ ಅವನು ಒಪ್ಪಿಕೊಂಡಿದ್ದ. ಪತ್ರವನ್ನು ಐದು ಸಲ ಬರೆದಿದ್ದ. ಮೊದಲ ಪ್ರತಿಯಲ್ಲಿ "ಅವರು ತೋರಿಸಿದ ಕೊಂಬೆಯ ಮೇಲೆ ಯಾವ ಹಕ್ಕಿಯೂ ಇರಲಿಲ್ಲ" ಎಂದಿದ್ದುದನ್ನು ಎರಡನೆಯದರಲ್ಲಿ "ನನಗೆ ಕಾಣಲಿಲ್ಲ" ಎಂದು ಮಾಡಿ, ಮೂರನೆಯದರಲ್ಲಿ "ನಾನು ನೋಡಲಿಲ್ಲ" ಎಂದು ಬದಲಿಸಿ, ಕೊನೆಗೆ ಮತ್ತೆ "ಕಾಣಲಿಲ್ಲ"ಕ್ಕೇ ಬಂದು ನಿಂತಿದ್ದ. ಕಾಣಲಿಲ್ಲ ಎಂಬುದರಲ್ಲಿ ದೋಷ ಕಣ್ಣಿನದಾಗುತ್ತದೆಯೇ ಹೊರತು ಮನುಷ್ಯನದಾಗುವುದಿಲ್ಲ. ಪತ್ರದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ವಸಂತದ ಸಂಜೆಯ ಬಿಸಿಲು ಇನ್ನೂ ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿತ್ತು. ನಡೆಯುವವರು, ಓಡುವವರು, ನಡೆಯುವಂತೆ ತೋರಿಸಿಕೊಂಡು ಮಾತಾಡುವವರು. ಭಾವ ಯಾವತ್ತೂ ಹಿಡಿಯುವ ಬಲಗಡೆಯ ದಾರಿಯನ್ನು ಬಿಟ್ಟು ಎಡಗಡೆಗೆ ತಿರುಗಿದರು. ಎಡದಾರಿ ಕೆರೆಯಂಚಿಗೆ, ಹಿಪ್ಪುನೇರಳೆ ಮರಕ್ಕೆ ಹೋಗುತ್ತದೆ. ಹೋದ ವರ್ಷದ ಆ ಸಂಜೆಯ ನಂತರ ಇಬ್ಬರೂ ಒಮ್ಮೆಯೂ ಆ ದಾರಿಯನ್ನು ಹಿಡಿದಿರಲಿಲ್ಲ. ಹಿಡಿಯಬಾರದೆಂದು ಯಾರೂ ಹೇಳಿರಲೂ ಇಲ್ಲ. "ಈ ಕಡೆ ಬಿಸಿಲು ಭಾವ" ಎಂದ. "ಬಿಸಿಲಲ್ಲೇ ಕಣಯ್ಯಾ ಬಣ್ಣ ಕಾಣೋದು" ಎಂದರು ಭಾವ. ಈ ಮಾತಿನಲ್ಲಿ ಬರಿಯ ಮಾತಿಗಿಂತ ಹೆಚ್ಚಿನದೇನೋ ಇದೆಯೆಂದು ಅವನಿಗೆ ತೋರಿತು. ಯಾರೋ ಪತ್ರದ ವಿಷಯ ಹೇಳಿದ್ದಾರೆ. ಮಗಳೇ ಬಾಯಿ ಬಿಟ್ಟಿರಬೇಕು, ಇಲ್ಲವೆ ಅಕ್ಕ. ಅಥವಾ ಫೋನಿನಲ್ಲಿ ಪಿಸುಗುಟ್ಟಿದ್ದನ್ನು ಭಾವ ಮಾತ್ರೆಯ ಡಬ್ಬಗಳ ಆಚೆ ನಿಂತು ಕೇಳಿಸಿಕೊಂಡಿರಬೇಕು. ಔಷಧಿಯವರ ಕಿವಿ, ಕೆಮ್ಮಿನಲ್ಲೇ ಕಾಯಿಲೆಯನ್ನು ಗುರುತಿಸುವ ಕಿವಿ.

ದಾರಿಯ ತಿರುವಿನಲ್ಲಿ ಅವನು ಸುಮ್ಮನಿರಲಾರದೆ ಕೊರಳಲ್ಲಿದ್ದ ತನ್ನ ದುರ್ಬೀನೆತ್ತಿ ಪೊದೆಯೊಂದರತ್ತ ಹಿಡಿದ. ಪೊದೆಯ ಹಿಂದಿನ ಬೆಂಚಿನ ಮೇಲೆ ಮಗುವಿನೊಡನೆ ಕುಳಿತಿದ್ದ ಹೆಂಗಸು ಅವನ ವೃತ್ತಾಕಾರದ ನೋಟದೊಳಗೆ ತಟ್ಟನೆ ದೊಡ್ಡದಾಗಿ ಬಂದು, ಅವನನ್ನೇ ದಿಟ್ಟಿಸಿ, ಮಗುವನ್ನು ಎಳೆದುಕೊಂಡು ಎದ್ದುಹೋದಳು. ಅವನು ದುರ್ಬೀನನ್ನು ಇಳಿಸಿ, ಹಕ್ಕಿಗಳನ್ನು ಮಾತ್ರ ನೋಡುವವರ ಮುಖ ಹೇಗಿರಬಹುದೋ ಹಾಗೆ ತನ್ನ ಮುಖವನ್ನು ಮಾಡಿಕೊಳ್ಳಲು ಯತ್ನಿಸಿದ. ಭಾವ ಬಿದ್ದು ಬಿದ್ದು ನಕ್ಕರು. "ನಿನ್ನ ಮುಖಕ್ಕೆ ದುರ್ಬೀನು ಹಾಕಿದ್ರೆ ನನಗೇ ಅನುಮಾನ ಬರುತ್ತೆ, ಪಾಪ ಅವಳಿಗೆ ಬರದೇ ಇರುತ್ತಾ!" ಆ ನಗು. ನಾಲ್ಕು ಜನರಿದ್ದರೆ ಎಂಟು ಜನರಿಗೆ ಕೇಳಿಸುವ ನಗು. ಹನ್ನೊಂದು ವರ್ಷಗಳ ಕೆಳಗೆ ಭಾವನ ಮಗಳ ಮದುವೆಯ ಕರೆಯೋಲೆಯ ಕರಡನ್ನು ತಿದ್ದಿದವನು ಅವನೇ. ಹೆಸರುಗಳ ದೀರ್ಘ, ಒತ್ತು, ಅರ್ಧವಿರಾಮ ಎಲ್ಲವನ್ನೂ ಮೂರು ಸಲ ನೋಡಿದ್ದ. ಎಲ್ಲಕ್ಕಿಂತ ದೊಡ್ಡಕ್ಷರದಲ್ಲಿದ್ದ ತಲೆಬರಹವನ್ನು ಮಾತ್ರ, ಅಷ್ಟು ದೊಡ್ಡದರಲ್ಲಿ ತಪ್ಪೆಲ್ಲಿಂದ ಬಂದೀತೆಂದು, ನೋಡಿರಲಿಲ್ಲ. ನಾನೂರು ಕರೆಯೋಲೆಗಳು "ವಿವಾದ ಮಹೋತ್ಸವ" ಎಂದು ಅಚ್ಚಾಗಿ ಬಂದವು. ಹಕಾರ ಹೋಗಿ ದಕಾರ ಕುಳಿತಿತ್ತು. ಅಂದಿನಿಂದ ಭಾವ ಆ ಕಥೆಯನ್ನು ಹೇಳದ ಸಮಾರಂಭವಿಲ್ಲ. ಮೂರು ವರ್ಷದ ಮೇಲೆ ಮಗಳು ಗಂಡನನ್ನು ಬಿಟ್ಟು ಪೆಟ್ಟಿಗೆಯೊಂದಿಗೆ ಹಿಂದಿರುಗಿದಾಗ ಇನ್ನಾದರೂ ಆ ಕಥೆ ಸಾಯುತ್ತದೆಂದು ಅವನು ನೆಮ್ಮದಿಪಟ್ಟ, ನೆಮ್ಮದಿಪಟ್ಟದ್ದಕ್ಕೆ ನಾಚಿದ. ಕಥೆ ಸಾಯಲಿಲ್ಲ, ಅದಕ್ಕೊಂದು ಬಾಲ ಬೆಳೆಯಿತು. "ಎಲ್ಲರೂ ತಪ್ಪು ಅಂದ್ರು. ನಮ್ಮ ಕಾಗುಣಿತ ಒಬ್ಬನೇ ಸರಿಯಾಗಿ ಓದಿದ್ದ!"

ಅದನ್ನು ಭಾವ ಕೊನೆಯ ಸಲ ಹೇಳಿದ್ದು ಹೋದ ವಸಂತದಲ್ಲಿ, ಇದೇ ದಾರಿಯಲ್ಲಿ, ಗಡಿಯಾರ ರಿಪೇರಿಯವನ ಮುಂದೆ. ಹಕ್ಕಿ ನೋಡುವವರ ಆ ಪುಟ್ಟ ಗುಂಪಿನಲ್ಲಿ ಆಗ ಮೂವರಿದ್ದರು. ಗಡಿಯಾರದವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬದುಕಿದವನಾದ್ದರಿಂದ ದೂರದ್ದೆಲ್ಲ ಅವನಿಗೆ ಒಂದೇ; ಹಾರುವ ಕಾಗೆಯನ್ನು ದಿನಕ್ಕೊಂದು ಹದ್ದನ್ನಾಗಿ ಮಾಡುತ್ತಿದ್ದ. ಅವನ ಹದ್ದುಗಳ ಕಾಟಕ್ಕೇ ಭಾವ ನಿಯಮವೊಂದನ್ನು ಮಾಡಿದ್ದರು. ಉದ್ಯಾನದಲ್ಲಿ ಹಿಂದೆಂದೂ ಕಾಣದ ಹಕ್ಕಿ ಬಂದರೆ ಮಾಲಿಯ ಕೋಣೆಯಲ್ಲಿಟ್ಟ ಉದ್ದನೆಯ ಪುಸ್ತಕದಲ್ಲಿ ಬರೆಯಬೇಕು. ಬರೆಯಬೇಕಾದರೆ ಇಬ್ಬರು ಕಂಡಿರಬೇಕು. ದಿನಾಂಕ, ಹಕ್ಕಿ, ಮರ, ಕಂಡವರು, ಜೊತೆಗೆ ಕಂಡವರು, ಷರಾ. ಅಂಗಡಿಯಲ್ಲಿ ಪ್ರಬಲವಾದ ಔಷಧಿಯನ್ನು ಕೊಡುವಾಗ ಒಬ್ಬರು ಚೀಟಿಯನ್ನು ಗಟ್ಟಿಯಾಗಿ ಓದಿ ಇನ್ನೊಬ್ಬರು ಡಬ್ಬವನ್ನು ನೋಡಿ ಹೂಂಗುಟ್ಟುವ ಪದ್ಧತಿಯನ್ನೇ ಅವರು ಹಕ್ಕಿಗಳಿಗೂ ತಂದಿದ್ದರು. ಮುದ್ರಣಾಲಯದಲ್ಲೂ ಹಾಗೆಯೇ ತಾನೆ: ಒಬ್ಬ ಮೂಲವನ್ನು ಓದುತ್ತಾನೆ, ಇನ್ನೊಬ್ಬ ಕರಡನ್ನು ನೋಡುತ್ತಾನೆ. ಒಂಟಿ ಕಣ್ಣನ್ನು ನಂಬದಿರುವುದೇ ಎರಡೂ ಕಸುಬಿನ ಧರ್ಮ. ಅಕ್ಷರ ದುಂಡಗಿದ್ದುದರಿಂದ ಪುಸ್ತಕದ ಬರವಣಿಗೆ ಅವನ ಪಾಲಿಗೆ ಬಂದಿತ್ತು. ಅದೊಂದೇ ಪುಸ್ತಕದಲ್ಲಿ ಭಾವ ಅವನನ್ನು ಕಾಗುಣಿತವೆಂದು ಕರೆಯದೆ ಪೂರ್ಣ ಹೆಸರಿನಿಂದ ಬರೆಸಿದ್ದರು.

ಅಂದು ಭಾವ ಕರೆಯೋಲೆಯ ಕಥೆ ಮುಗಿಸಿದರು, ಗಡಿಯಾರದವನು ನಕ್ಕು ನಕ್ಕು ಬಗ್ಗಿದವನು ಹಾಗೆಯೇ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ, ಅಷ್ಟರಲ್ಲಿ ಹಿಪ್ಪುನೇರಳೆಯ ಎರಡನೆಯ ಕವಲಿನ ಮೇಲೆ ಅದು ಬಂದು ಕುಳಿತಿತು. ಹೊನ್ನಕ್ಕಿ. ಪುಸ್ತಕದ ಚಿತ್ರಗಳಲ್ಲಿ ಮಾತ್ರ ನೋಡಿದ್ದ ಹಕ್ಕಿ. ಮೈಯೆಲ್ಲ ಹಳದಿ, ರೆಕ್ಕೆ ಮಾತ್ರ ಕಪ್ಪು, ಕಣ್ಣನ್ನು ಸೀಳಿಕೊಂಡು ಹೋದ ಕಪ್ಪು ಗೆರೆ, ಕೆಂಪು ಕೊಕ್ಕಿನ ತುದಿಯಲ್ಲಿ ಒಂದು ಹಣ್ಣಿನ ರಸ. "ನೋಡು! ನೋಡೋ!" ಎಂದು ಭಾವ ಅವನ ಮೊಣಕೈಯನ್ನು ಹಿಡಿದರು, ಆ ಕೈ ನಡುಗುತ್ತಿತ್ತು, ಎಪ್ಪತ್ತರ ಮನುಷ್ಯನ ದನಿ ಹುಡುಗಿಯದರಂತೆ ತೆಳ್ಳಗಾಗಿತ್ತು. ಅವನು ನೋಡಿದ. ಹನ್ನೆರಡೋ ಹದಿನಾಲ್ಕೋ ಎಣಿಸುವಷ್ಟು ಹೊತ್ತು ಅದನ್ನು ನೋಡಿದ. ಅದು ಕೊಂಬೆ ಬಿಟ್ಟು, ನೀರಿನತ್ತ ಇಳಿದು, ಮತ್ತೆ ಎದ್ದು, ಕೆರೆಯ ಆಚೆ ಕರಗುವವರೆಗೂ ನೋಡಿದ. ಗಡಿಯಾರದವನು ತಲೆಯೆತ್ತಿ "ಎಲ್ಲಿ? ಏನು?" ಎಂದ. "ಹೊನ್ನಕ್ಕಿ! ಹೇಳೋ, ನೀನೂ ನೋಡ್ದೆ ತಾನೆ?" ಎಂದರು ಭಾವ. ಆಗ ಅವನ ಬಾಯಿಂದ ಬಂದ ಮಾತನ್ನು ಅವನು ಮೊದಲೇ ಯೋಚಿಸಿರಲಿಲ್ಲ. ಎಷ್ಟು ಸಲ ನೆನೆದರೂ ಯೋಚಿಸಿದ ಕ್ಷಣವೊಂದು ಸಿಗುವುದಿಲ್ಲ. "ನನಗೇನೂ ಕಾಣಲಿಲ್ಲವಲ್ಲ ಭಾವ. ಹಣ್ಣೆಲೆ ಇರಬೇಕು." ಎಷ್ಟು ಸುಲಭವಾಗಿತ್ತು! ಗಡಿಯಾರದವನು ಗಹಗಹಿಸಿದ: "ನನ್ನ ಹದ್ದಿಗೆ ಸಾಕ್ಷಿ ಕೇಳ್ತಿದ್ರಿ ಸಾರ್!" ಜೀವಮಾನದಲ್ಲಿ ಮೊದಲ ಸಲ ಭಾವನನ್ನು ನೋಡಿ ಯಾರೋ ನಗುತ್ತಿದ್ದರು. ಭಾವ ಹಟ ಹಿಡಿದು ಪುಸ್ತಕದಲ್ಲಿ ಬರೆದರು. ನಿಯಮದ ಪ್ರಕಾರ ಅವನು ಆ ಸಾಲನ್ನು ಹೊಡೆದುಹಾಕಿ ಷರಾದ ಕಾಲಂನಲ್ಲಿ ತನ್ನ ದುಂಡಕ್ಷರದಲ್ಲಿ "ಇರಲಿಲ್ಲ" ಎಂದು ಬರೆದ.

ಒಂದು ಸಂಜೆಯ ಸೇಡು ಅಂದೇ ಮುಗಿಯುತ್ತದೆಂದು ಅವನು ತಿಳಿದಿದ್ದ. ಆದರೆ ಗಡಿಯಾರದವನು ಅದನ್ನು ಔಷಧಿ ಅಂಗಡಿಯಲ್ಲಿ ಹೇಳಿ ನಕ್ಕ, ಮಗಳು ನಗಲಿಲ್ಲ. ಅಂದಿನಿಂದ ಅವಳು ತಂದೆಯ ಕೈಗಳನ್ನು ನೋಡತೊಡಗಿದಳು. ಭಾವ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಹುಡುಕಿದರು. ಅವಳನ್ನು ಅವಳ ತಾಯಿಯ ಹೆಸರಿನಿಂದ ಕರೆದರು. ಒಬ್ಬರ ಮಾತ್ರೆಯನ್ನು ಇನ್ನೊಬ್ಬರ ಲಕೋಟೆಗೆ ಹಾಕಹೋಗಿ ತಾವೇ ತಡೆದು ನಕ್ಕರು. ಎಪ್ಪತ್ತರವರೆಲ್ಲ ಮಾಡುವಂಥವೇ. ಹಕ್ಕಿಯಿಲ್ಲದಿದ್ದರೆ ಅವು ಬಿಡಿಬಿಡಿಯಾಗಿ ಉದುರಿಹೋಗುತ್ತಿದ್ದವು. ಹಕ್ಕಿ ಅವನ್ನೆಲ್ಲ ಒಂದು ದಾರಕ್ಕೆ ಪೋಣಿಸಿತು. "ಶುರುವಾದದ್ದು ಆ ಹಕ್ಕಿಯಿಂದ" ಎಂದು ಅಕ್ಕ ಬಂದವರಿಗೆ ಹೇಳುವುದನ್ನು ಅವನು ಅವರ ಹಜಾರದಲ್ಲಿ ಕುಳಿತು, ಕಾಫಿಯ ಲೋಟದ ತಳವನ್ನು ನೋಡುತ್ತ, ಎಷ್ಟು ಸಲ ಕೇಳಿಸಿಕೊಂಡಿದ್ದಾನೆ! ಭಾವ ಮೊದಲು ಕಾರು ಓಡಿಸುವುದನ್ನು ಬಿಟ್ಟರು, ಆಮೇಲೆ ಕೌಂಟರು ಬಿಟ್ಟರು. ಈಗ ಅಂಗಡಿಯ ಹಿಂಬದಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಖಾಲಿ ಲಕೋಟೆಗಳನ್ನು ಜೋಡಿಸುತ್ತಾರೆ. ಪ್ರತಿಸಲವೂ ಅವನು ಬಾಯಿ ತೆರೆಯಬೇಕೆಂದುಕೊಂಡ. ಪ್ರತಿಸಲವೂ ಹೇಳದೆ ಕಳೆದ ದಿನಗಳೇ ಹೇಳಬೇಕಾದ ಮಾತಿಗಿಂತ ದೊಡ್ಡ ತಪ್ಪಾಗಿ ಬೆಳೆದು ಅಡ್ಡ ನಿಂತವು. ಆಮೇಲೊಂದು ಉಪಾಯ ತಾನಾಗಿ ಬಂತು: ಮಗಳನ್ನು ಅನುಮಾನಿಸುವುದು. ಅವಳಿಗೆ ಅಂಗಡಿ ಬೇಕಾಗಿದೆ, ಅದಕ್ಕೇ ತಂದೆಯನ್ನು ಹುಚ್ಚನನ್ನಾಗಿಸುತ್ತಿದ್ದಾಳೆ, ತಾನು ನೆಪ ಮಾತ್ರ. ಈ ಅನುಮಾನದಲ್ಲಿ ಅವನು ಎಷ್ಟೋ ದಿನ ಹಾಯಾಗಿ ಮಲಗಿದ.

"ನಿಲ್ಲು."

ಭಾವ ಅವನ ಮೊಣಕೈಯನ್ನು ಹಿಡಿದಿದ್ದರು. ಹಿಪ್ಪುನೇರಳೆ ಎದುರಿಗಿತ್ತು. ಹಣ್ಣು ಬಿದ್ದು ದಾರಿಯೆಲ್ಲ ಶಾಯಿ ಚೆಲ್ಲಿದಂತಾಗಿತ್ತು. ಕೈ ಇಂದು ನಡುಗುತ್ತಿರಲಿಲ್ಲ. ಅದು ಅವನಿಗೆ ಆಗ ಗೊತ್ತಾಗಬೇಕಿತ್ತು.

"ಹೊನ್ನಕ್ಕಿ. ಎರಡನೇ ಕವಲು, ಅದೇ ಜಾಗ. ಕಾಣ್ತಾ?"

ಅವನು ದುರ್ಬೀನೆತ್ತಿದ. ಎರಡನೆಯ ಕವಲು. ಎಳೆಯ ಎಲೆಗಳ ಹಿಂದಿನಿಂದ ಬಿಸಿಲು ಸೋಸಿ ಎಲ್ಲವೂ ಹಳದಿಯಾಗಿ, ಯಾವುದೂ ಹಳದಿಯಲ್ಲದಂತಾಗಿತ್ತು. ಮೊದಲನೆಯ ಕವಲನ್ನು ನೋಡಿದ, ಮೂರನೆಯದನ್ನು ನೋಡಿದ. ಎಲೆ, ಎಲೆ, ಎಲೆಯ ನೆರಳು. ಹಕ್ಕಿ ಇರಲಿಲ್ಲ. ಹಾಗಾದರೆ ಮಗಳ ಮಾತೇ ನಿಜ. ಭಾವನ ತಲೆ ನಿಜವಾಗಿ ಸಡಿಲವಾಗಿದೆ. ಹೋದ ವರ್ಷ ಸುಳ್ಳಾಗಿ ತೊಡಿಸಿದ ಹುಚ್ಚು ಅಳತೆಗೆ ಸರಿಯಾಗಿ ಮೈಗೆ ಕೂತುಬಿಟ್ಟಿದೆ. ಅವನಿಗೆ ಅಳು ಬಂದಂತಾಯಿತು. ಆ ಅಳುವಿನ ಅಡಿಯಲ್ಲಿ ಸಣ್ಣದೊಂದು ಬಿಡುಗಡೆಯೂ ಇತ್ತು. ಈಗ ಕಂಡೆನೆಂದರೆ ಏನು ಹೋದೀತು? ಅಂದು ಕಸಿದದ್ದನ್ನು ಇಂದು ಹಿಂದಿರುಗಿಸಿದಂತಾಗುತ್ತದೆ. ಸಂಜೆಯೆಲ್ಲ ಭಾವನ ಒಂದೊಂದು ಉಸಿರನ್ನೂ ಅನುಮಾನಿಸುತ್ತ ಬಂದವನು ಸರಿಯಾಗಿ ಆ ಒಂದು ಕ್ಷಣದಲ್ಲಿ ಮಾತ್ರ ಅನುಮಾನಿಸಲಿಲ್ಲ.

"ಕಂಡೆ ಭಾವ," ಎಂದ.

"ಸರಿಯಾಗಿ ನೋಡಿ ಹೇಳು."

"ಕಂಡೆ ಭಾವ. ಅಲ್ಲೇ ಕೂತಿದೆ. ಕಣ್ಣಿನ ಮೇಲೆ ಕಪ್ಪು ಗೆರೆ."

"ಕೊಕ್ಕು?"

"ಕೆಂಪು."

"ಯಾವ ಕಡೆ ಮುಖ?"

"ಕೆರೆ ಕಡೆಗೆ."

ಚೀಟಿಯನ್ನು ಓದಿ ಡಬ್ಬಕ್ಕೆ ತಾಳೆ ನೋಡುವವರಂತೆ ಭಾವ ಒಂದೊಂದಕ್ಕೂ ತಲೆಯಾಡಿಸಿದರು. ಆಮೇಲೆ ತಿರುಗಿ ನಡೆದರು. ಗೇಟಿನ ಪಕ್ಕದ ಮಾಲಿಯ ಕೋಣೆ ತಲಪುವ ಹೊತ್ತಿಗೆ ಬೆಳಕು ಇಳಿದಿತ್ತು. ಮಾಲಿ ನೀರಿನ ಕೊಳವೆಯನ್ನು ಸುತ್ತಿಡಲು ಹೋಗಿದ್ದ. ಗೊಬ್ಬರದ ವಾಸನೆಯ ಆ ಕೋಣೆಯಲ್ಲಿ, ಕತ್ತರಿಗಳೂ ಹಳೆಯ ಡಬ್ಬಗಳೂ ಇದ್ದ ಹಲಗೆಯ ಮೇಲೆ, ಪುಸ್ತಕ ಇತ್ತು. ಹೋದ ವರ್ಷದ ಹೊಡೆದ ಸಾಲಿನ ಕೆಳಗೆ ಮೂರೇ ಮೂರು ಹೊಸ ಹಕ್ಕಿಗಳು, ಅದೇ ಪುಟ. ಭಾವ ತಾವೇ ಬರೆದರು: ದಿನಾಂಕ, ಹೊನ್ನಕ್ಕಿ, ಹಿಪ್ಪುನೇರಳೆ, ಕಂಡವರು. ಪೆನ್ನನ್ನು ಅವನತ್ತ ಚಾಚಿದರು. ಜೊತೆಗೆ ಕಂಡವರು ಎಂಬಲ್ಲಿ ಅವನು ತನ್ನ ಪೂರ್ಣ ಹೆಸರನ್ನು ಬರೆದು ಸಹಿ ಹಾಕಿದ.

"ಅಲ್ಲಿ ಏನೂ ಇರಲಿಲ್ಲ ಕಣೋ," ಎಂದರು ಭಾವ.

ಅವನು ಪೆನ್ನು ಹಿಡಿದೇ ಇದ್ದ.

"ಇವತ್ತು ಇರಲಿಲ್ಲ. ಹೋದ ವರ್ಷ ಇತ್ತು. ನೀನು ನೋಡಿದ್ದೆ."

"ಭಾವ..."

"ನಿನ್ನ ಕತ್ತು ಕಣೋ! ಹಕ್ಕಿ ಕೆಳಗಿಳಿದು ಮೇಲೆದ್ದು ಹೋಯ್ತಲ್ಲ, ನಿನ್ನ ಕತ್ತು ಅದೇ ಅಳತೇಲಿ ಕೆಳಗೆ ಹೋಗಿ ಮೇಲೆ ಬಂತು. ಆಮೇಲೆ ಕಾಣಲಿಲ್ಲ ಅಂದೆ."

"ಒಂದು ವರ್ಷ ಯಾಕೆ ಸುಮ್ಮನಿದ್ರಿ?"

ಭಾವ ಮಾಲಿಯ ಸ್ಟೂಲಿನ ಮೇಲೆ ಕುಳಿತರು. ಅಂಗಡಿಯ ಸ್ಟೂಲಿನ ಮೇಲೂ ಹೀಗೆಯೇ, ಮೊಣಕಾಲುಗಳನ್ನು ಜೋಡಿಸಿಕೊಂಡು, ಯಾರದೋ ಮನೆಗೆ ಬಂದವರ ಹಾಗೆ ಕುಳಿತಿರುತ್ತಾರೆ. "ಏನಂತ ಹೇಳ್ಲಿ? ತಲೆ ಕೆಟ್ಟೋನು ಇನ್ನೊಬ್ಬನ್ನ ಸುಳ್ಳ ಅಂದ್ರೆ ಕೇಳೋರು ಯಾರು? ಮೊದಲು ಸಿಟ್ಟಿತ್ತು. ನೀನೇ ಬಂದು ಹೇಳ್ತೀಯ, ತಪ್ಪು ತಿದ್ದೋದು ನಿನ್ನ ಕಸುಬು ತಾನೆ ಅಂತ ಕಾದೆ. ಆಮೇಲೆ..." ಅವರು ಅಂಗೈಯನ್ನು ಮಗುಚಿ ನೋಡಿಕೊಂಡರು. "ಆಮೇಲೆ ನನಗೇ ಅನುಮಾನ ಬಂತು ಕಣೋ. ಹಕ್ಕಿ ಇತ್ತಾ? ನಿನ್ನ ಕತ್ತು ನಿಜವಾಗಿ ತಿರುಗಿತಾ, ಅದನ್ನೂ ನಾನೇ ಕಟ್ಟಿಕೊಂಡೆನಾ? ಮನೇಲಿ ಎಲ್ಲರೂ ನನ್ನ ಕೈ ನೋಡ್ತಿದ್ರೆ ನಾನೂ ನೋಡ್ಕೊಳ್ಳೋಕೆ ಶುರು ಮಾಡ್ದೆ. ಅದಕ್ಕೇ ಇವತ್ತು ಹೀಗೆ ಮಾಡ್ಬೇಕಾಯ್ತು. ಕಾಣದ್ದನ್ನ ಕಂಡೆ ಅನ್ನೋನಾದ್ರೆ, ಕಂಡದ್ದನ್ನ ಕಾಣಲಿಲ್ಲ ಅನ್ನೋನೂ ನೀನೇ. ಅಷ್ಟು ಗೊತ್ತಾದ್ರೆ ಸಾಕಿತ್ತು ನನಗೆ, ನಾಳೆಗೆ ಮುಂಚೆ."

ನಗುತ್ತಾರೆಂದು ಅವನು ಕಾದ. ಭಾವ ನಗಲಿಲ್ಲ. ಬೈದಿದ್ದರೆ, ಕರೆಯೋಲೆಯ ಕಥೆಯನ್ನಾದರೂ ಎತ್ತಿದ್ದರೆ, ಎಷ್ಟೋ ಹಗುರಾಗುತ್ತಿತ್ತು. "ಇತ್ತು ಭಾವ," ಎಂದ. ಒಂದು ವರ್ಷ ಗಂಟಲಲ್ಲಿ ಕುಳಿತದ್ದು ಇಷ್ಟು ಸಣ್ಣ ಮಾತೇ ಎಂದು ಅವನಿಗೇ ಆಶ್ಚರ್ಯವಾಯಿತು. "ಕೊಕ್ಕಲ್ಲಿ ಹಣ್ಣಿನ ರಸ ಇತ್ತು. ಅದನ್ನೂ ನೋಡಿದ್ದೆ." ಭಾವ ಕಣ್ಣು ಮುಚ್ಚಿಕೊಂಡರು. "ಹೌದು. ರಸ ಇತ್ತು," ಎಂದರು. ಆ ಕ್ಷಣ ಹೊನ್ನಕ್ಕಿಯನ್ನು ಇಬ್ಬರೂ ಜೊತೆಗೆ ಕಂಡರು.

ಅವನು ಜೇಬಿನಿಂದ ಕೆಂಪು ಶಾಯಿಯ ಪೆನ್ನು ತೆಗೆದ. ಕೆಲಸ ಬಿಟ್ಟು ಆರು ವರ್ಷವಾದರೂ ಅದು ಅಂಗಿಯಿಂದ ಅಂಗಿಗೆ ದಾಟುತ್ತಲೇ ಇತ್ತು. ಹೊಡೆದುಹಾಕಿದ್ದು ತಪ್ಪೆಂದು ಆಮೇಲೆ ತಿಳಿದರೆ ಕರಡಿನವರಿಗೆ ಒಂದು ಪದ್ಧತಿಯಿದೆ: ಹೊಡೆದ ಸಾಲಿನ ಅಡಿಯಲ್ಲಿ ಚುಕ್ಕೆಗಳನ್ನಿಟ್ಟು ಅಂಚಿನಲ್ಲಿ "ಇರಲಿ" ಎಂದು ಬರೆಯುವುದು. ಅಚ್ಚಿನ ಮೊಳೆ ಜೋಡಿಸುವವನು ಅದನ್ನು ನೋಡಿ ಮೂಲವನ್ನು ಹಾಗೆಯೇ ಉಳಿಸುತ್ತಾನೆ. ಹೋದ ವರ್ಷದ ಸಾಲಿನ ಕೆಳಗೆ ಅವನು ಒಂದೊಂದಾಗಿ ಚುಕ್ಕೆಯಿಟ್ಟ. ಅಂಚಿನಲ್ಲಿ ಬರೆಯಹೋದವನ ಕೈ ಷರಾದ ಕಾಲಂನ ಮೇಲೆ ನಿಂತಿತು. ಬರೆಯಬೇಕಾದದ್ದು ಅಲ್ಲಿ ಆಗಲೇ ಇತ್ತು, ತನ್ನದೇ ದುಂಡಕ್ಷರದಲ್ಲಿ: ಇರಲಿಲ್ಲ. ಮೂವತ್ತೆಂಟು ವರ್ಷ ಅಕ್ಷರಗಳನ್ನು ಮಾತ್ರ ನೋಡಿ ಬದುಕಿದವನು ಇದನ್ನು ಹೇಗೆ ನೋಡದೇ ಹೋದ? ಕೊನೆಯ ಒಂದು ಅಕ್ಷರ. ಅದರ ಮೇಲೆ ತೆಳ್ಳಗೆ ಒಂದು ಕೆಂಪು ಗೆರೆ ಎಳೆದ. ಇರಲಿ. ಭಾವ ಬಗ್ಗಿ ನೋಡಿ, "ಭೇಷ್ ಕಾಗುಣಿತ" ಎಂದರು, ಮೆಲ್ಲಗೆ. ಮೊದಲ ಸಲ ಆ ಹೆಸರು ಹೆಸರಿನಂತೆ ಕೇಳಿಸಿತು. ಕೆಳಗಿನ ಇಂದಿನ ಸಾಲನ್ನೂ ಹೊಡೆಯಬೇಕೆಂದು ಪೆನ್ನನ್ನು ಇಳಿಸುವಷ್ಟರಲ್ಲಿ ಹೊರಗೆ ಕಾರಿನ ಹಾರನ್ ಕೇಳಿತು. ಮಗಳು ಬಾಗಿಲಲ್ಲಿ ಬಂದು ನಿಂತಳು.

"ಇಬ್ಬರೂ ಇಲ್ಲಿದ್ದೀರಾ! ಎಷ್ಟು ಹುಡುಕೋದು?" ತಂದೆಯ ಅಂಗಿಯ ಕಾಲರನ್ನು ಸರಿಪಡಿಸಿ, ಅವನತ್ತ ತಿರುಗಿ ತಗ್ಗಿದ ದನಿಯಲ್ಲಿ, "ತಂದಿದ್ದೀರಾ ಮಾವ?" ಎಂದಳು. ಮೂವತ್ತೆಂಟರ ಅವಳ ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪಿತ್ತು. ಅಂಗಡಿಯ ಆಸೆಯವಳ ಮುಖವಾಗಿರಲಿಲ್ಲ ಅದು. ತಂದೆ ಕೊಟ್ಟ ತಪ್ಪು ಮಾತ್ರೆಯಿಂದ ಯಾರಾದರೂ ಸತ್ತಾರೆಂದು ಹೆದರಿದವಳ ಮುಖ. ಅಷ್ಟು ದಿನ ಹಾಯಾಗಿ ಮಲಗಿಸಿದ ಅನುಮಾನ ಅವನ ಕೈಬಿಟ್ಟಿತು.

"ಕೊಡಲ್ಲಮ್ಮಾ. ಅದು ಸುಳ್ಳು. ಅವತ್ತು ಹಕ್ಕಿ ಇತ್ತು. ನಾನು ನೋಡಿದ್ದೆ. ಹೊಟ್ಟೆಕಿಚ್ಚಿಗೆ ಇಲ್ಲ ಅಂದೆ."

ಅವಳ ಮುಖ ನಿಧಾನವಾಗಿ ಮೃದುವಾಯಿತು. ಆ ಮೃದುತ್ವ ಕಂಡು ಅವನಿಗೆ ಭಯವಾಯಿತು. "ಮಾವ, ಹೀಗೆ ಮಾಡ್ಬೇಡಿ. ಅಪ್ಪನ ಮನಸ್ಸು ನೋಯಬಾರದು ಅಂತ ನೀವು ಹೇಳ್ತಿದ್ದೀರಿ, ನನಗೆ ಗೊತ್ತಾಗಲ್ವಾ?"

"ಇಲ್ಲಮ್ಮಾ, ನಿಜವಾಗಿ. ಇಲ್ಲಿ ನೋಡು, ತಿದ್ದಿದ್ದೀನಿ."

ಅವಳು ಪುಸ್ತಕವನ್ನು ಗೇಟಿನ ದೀಪದ ಕೆಳಗೆ ಒಯ್ದಳು. ದೀಪ ಆಗತಾನೆ ಹೊತ್ತಿಕೊಂಡಿತ್ತು. ಹಣ್ಣುಹಣ್ಣಾದ ಕಿತ್ತಳೆ ಬೆಳಕು. ಅವಳ ಬೆರಳು ಪುಟದ ಮೇಲಿನಿಂದ ಇಳಿದು ಕೊನೆಯ ಸಾಲಿನಲ್ಲಿ ನಿಂತಿತು. "ಇವತ್ತೂ ಬಂದಿತ್ತಾ ಹೊನ್ನಕ್ಕಿ? ನೀವೂ ಸಹಿ ಹಾಕಿದ್ದೀರಲ್ಲ ಮಾವ."

"ಇವತ್ತು ಇರಲಿಲ್ಲ. ಅವತ್ತು ಇತ್ತು."

ಗಟ್ಟಿಯಾಗಿ ಹೇಳಿದಾಗ ಆ ಮಾತು ಅವನಿಗೇ ತಲೆ ಸರಿಯಿಲ್ಲದವನ ಮಾತಿನಂತೆ ಕೇಳಿಸಿತು. ಅವಳು ತಂದೆಯತ್ತ ತಿರುಗಿದಳು. "ಅಪ್ಪಾ, ಇದು ನಿಮ್ಮ ಅಕ್ಷರ ತಾನೆ? ಹಕ್ಕಿ ಕಂಡ್ರಾ?"

"ಇಲ್ಲಮ್ಮಾ. ಸುಮ್ನೆ ಬರೆದೆ. ಇವನ್ನ ಪರೀಕ್ಷೆ ಮಾಡೋಣ ಅಂತ."

ಹೇಳಿ ಮುಗಿಸುವಷ್ಟರಲ್ಲಿ ಭಾವನಿಗೂ ಅರ್ಥವಾಯಿತು. ಇಲ್ಲದ ಹಕ್ಕಿ ಈಗ ಅವರದೇ ಅಕ್ಷರದಲ್ಲಿ ಪುಸ್ತಕದಲ್ಲಿತ್ತು. ಮಗಳು ಕೈಚೀಲದಿಂದ ಫೋನು ತೆಗೆದು ಪುಟದ ಚಿತ್ರ ತೆಗೆದುಕೊಂಡಳು. "ಪತ್ರ ಬೇಡ ಬಿಡಿ ಮಾವ. ಡಾಕ್ಟರಿಗೆ ಇದೇ ಸಾಕು." ಸರಿಯಾಗಿ ಬಂದಿದೆಯೇ ಎಂದು ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸಿದಳು. ಅವನು ಅವಳ ಭುಜದ ಮೇಲಿನಿಂದ ನೋಡಿದ. ಕಿತ್ತಳೆ ಬೆಳಕು ಕೆಂಪು ಶಾಯಿಯನ್ನೆಲ್ಲ ಕುಡಿದುಬಿಟ್ಟಿತ್ತು. ಚುಕ್ಕೆಗಳಿರಲಿಲ್ಲ. ಗೆರೆಯಿರಲಿಲ್ಲ. ಹೊಡೆದ ಸಾಲಿನ ತುದಿಯಲ್ಲಿ "ಇರಲಿಲ್ಲ" ಎಂಬುದು ನಾಲ್ಕು ಅಕ್ಷರವೂ ಪೂರ್ತಿಯಾಗಿ, ದುಂಡಗೆ, ಓದುವಂತಿತ್ತು.

"ನಾಳೆ ನಾನೂ ಬರ್ತೀನಿ. ಡಾಕ್ಟರ ಮುಂದೆ ಹೇಳ್ತೀನಿ," ಎಂದ.

"ಬನ್ನಿ ಮಾವ, ಖಂಡಿತ ಬನ್ನಿ. ಅಪ್ಪನಿಗೂ ಧೈರ್ಯ ಬರುತ್ತೆ." ಅವಳು ಅವನ ತೋಳನ್ನು ತಟ್ಟಿದಳು. "ನಿಮ್ಮಂಥೋರು ಸಿಗಲ್ಲ."

ಅವಳು ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದಳು. ಭಾವ ಒಂದು ಕೈಯಿಂದ ದುರ್ಬೀನನ್ನು ಎದೆಗೊತ್ತಿಕೊಂಡು ಬಗ್ಗಿ ಒಳಗೆ ಕುಳಿತರು. ಅವನು ಕಿಟಕಿಯ ಬಳಿಗೆ ಹೋಗಿ, "ಭಾವ, ನಾಳೆ ನಾನು..." ಎಂದ. ಭಾವ ಅವನತ್ತ ನೋಡದೆ, ಕೆರೆಯ ಕಡೆಗೆ ಮುಖ ಮಾಡಿ ಏನನ್ನೋ ಹೇಳಿದರು. ಒಂದೇ ಪದ. ಆ ಪದ ಮುಗಿಯುವಲ್ಲಿ ಮಗಳು ಮುಂದಿನ ಬಾಗಿಲನ್ನು ಎಳೆದುಕೊಂಡಳು. ಇರಲಿ ಎಂದರೋ, ಇರಲಿಲ್ಲ ಎಂದರೋ. ಕಾರು ತಿರುವಿನಲ್ಲಿ ಕಣ್ಮರೆಯಾಗುವವರೆಗೂ ಅವನು ನೋಡುತ್ತ ನಿಂತ. ಆಮೇಲೆ ತನ್ನ ಕತ್ತು ಅದು ಹೋದ ಕಡೆಗೆ ತಿರುಗಿಯೇ ಇದೆಯೆಂದು ತಿಳಿದು, ನೋಡುವವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ಕಣ್ಣಾಡಿಸಿದ. ಯಾರೂ ಇರಲಿಲ್ಲ.